ಜೇಬಿನೊಳಗಿನ ಸ್ಟಾಪ್‌ವಾಚ್

ಅಕ್ಕಾ,

ನೀವು ಹೋದ ಮೇಲೆ ನಿಮ್ಮ ಕೋಚ್ ಕೆಲಸ ನನಗೇ ಬಂತು. ಒಂದು ವಾರದಿಂದ ನನ್ನ ಅಸಿಸ್ಟೆಂಟ್ ಜೇಬಿನಿಂದ ಕೈ ತೆಗೆಯುತ್ತಿರಲಿಲ್ಲ. ಏನೋ ಮಸಲತ್ತು ನಡೆದಿದೆ ಎಂದು ನನಗೆ ಅನುಮಾನ. ಇವತ್ತು ನಮ್ಮ ಚಾಂಪಿಯನ್ ಹುಡುಗಿ ನೂರು ಮೀಟರ್ ಓಡಿದಳು.

"ಹನ್ನೊಂದು ಪಾಯಿಂಟ್ ನಾಲ್ಕು," ಅಂದೆ.

"ಹೂಂ ಮೇಡಂ," ಅಂದವಳು ನೀರು ಕುಡಿಯುವ ನೆಪದಲ್ಲಿ ಅಸಿಸ್ಟೆಂಟ್ ಹತ್ತಿರ ಹೋದಳು.

"ಸರ್, ನಿಮ್ದ್ರಲ್ಲಿ ಎಷ್ಟು ಬಂತು?"

ಅವನು ಜೇಬಿನಿಂದ ಸ್ಟಾಪ್‌ವಾಚ್ ತೆಗೆದ. "ಅಷ್ಟೇ ಕಣಮ್ಮ."

ಆಗ ಕುಣಿದಾಡಿದಳು.

ನಾನು ಬಗ್ಗಿ, ಬಿಚ್ಚದಿದ್ದ ಶೂ ಲೇಸನ್ನೇ ಕಟ್ಟತೊಡಗಿದೆ.

ನಾನು ಓಡುತ್ತಿದ್ದಾಗ, ನೀವು ಟೈಮ್ ಹೇಳಿದ ಕೂಡಲೇ ನಿಮ್ಮ ಅಸಿಸ್ಟೆಂಟ್ ಸರ್ ಹತ್ತಿರ ಕೇಳಲು ಹೋಗುತ್ತಿದ್ದೆ. ತಿರುಗಿ ನೋಡಿದರೆ ನೀವು ಬಗ್ಗಿರುತ್ತಿದ್ದಿರಿ. ಅಕ್ಕನ ಲೇಸು ಒಂದು ದಿನವೂ ನಿಲ್ಲಲ್ಲ ಅಂತ ನಗುತ್ತಿದ್ದೆ.