ಮೇಲಂತಸ್ತಿನ ಬಟ್ಟೆಕೋಣೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಸಿಕೈ,

ಪ್ರೀತಿಯ ಅಂತ ಅಭ್ಯಾಸಬಲದಿಂದ ಬರೆದೆ. ಹೊಡೆದುಹಾಕುವುದಿಲ್ಲ, ಇರಲಿ.

ನಮ್ಮ ವಸತಿಶಾಲೆ ಹೋಟೆಲಾದದ್ದಕ್ಕೆ ನನಗೆ ಸಿಟ್ಟಿಲ್ಲ. ವ್ಯಾಪಾರಿಯೊಬ್ಬನ ಮನೆಯಾಗಿದ್ದ ಕಟ್ಟಡ ಮೂವತ್ತೊಂದು ವರ್ಷ ಶಾಲೆಯಾಯಿತು, ಆಮೇಲೆ ಪಾರಿವಾಳಗಳ ಪಾಲಾಯಿತು. ಈಗ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ, ಕೊಡಲಿ. ಸಿಟ್ಟು ನಿನ್ನ ಮೇಲೆ. ಉದ್ಘಾಟನೆಗೆಂದು ನೀನು ಬರೆದುಕೊಟ್ಟ ಶಾಲೆಯ ಚರಿತ್ರೆಯಲ್ಲಿ ಕಿಟಕಿಯ ಬಣ್ಣದ ಗಾಜಿಗೆ ಇಡೀ ಒಂದು ಪುಟ. ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗುಬ್ಬಿಗೆ ಒಂದೇ ಸಾಲು: "ಒಬ್ಬ ವಿದ್ಯಾರ್ಥಿನಿ ಅನಾರೋಗ್ಯದಿಂದ ಮನೆಗೆ ಮರಳಿದಳು." ಅನಾರೋಗ್ಯವಂತೆ!

ಹಾಸಿಗೆ ಒದ್ದೆ ಮಾಡಿದಳೆಂದು ನಿನ್ನಮ್ಮ, ನಮ್ಮ ದೊಡ್ಡ ಮೇಡಂ, ಒಂಬತ್ತು ವರ್ಷದ ಹುಡುಗಿಯನ್ನು ಮೇಲಂತಸ್ತಿನ ಬಟ್ಟೆಕೋಣೆಗೆ ದೂಡಿ ಚಿಲಕ ಹಾಕಿದರು. ತಿಂಡಿಯಿಲ್ಲ, ಊಟವಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳು ನೀರಿನ ಕೊಳವೆ ಹಿಡಿದು ಕಿಟಕಿಯಿಂದ ಇಳಿಯಲು ಹೋಗಿ ಕಲ್ಲುಹಾಸಿನ ಮೇಲೆ ಬಿದ್ದಳು. ಕೆಳಗೆ ಮಗ್ಗಿ ಹೇಳುತ್ತಿದ್ದ ನಾವೆಲ್ಲ ಆ ಸದ್ದು ಕೇಳಿದೆವು. ನೀನು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡೆ. ಎರಡೇ ವರ್ಷದಲ್ಲಿ ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋದರು, ಶಾಲೆ ಮುಚ್ಚಿತು. ನೀನು ಬರೆದಿರುವುದು "ಕಾಲ ಬದಲಾಯಿತು" ಎಂದು.

ಮೊನ್ನೆ ಹೋಟೆಲಿನ ಉದ್ಘಾಟನೆಯಲ್ಲಿ ಕೇಳಿದ್ದಕ್ಕೆ, "ಹಳೇದನ್ನ ಯಾಕೆ ಕೆದಕ್ತೀಯೇ? ಅಮ್ಮನಿಗೆ ಎಂಬತ್ತಾರು. ಓದಿ ಎದೆ ಒಡ್ಕೊಂಡ್ಬಿಡ್ತಾರೆ" ಅಂದೆ. ಗುಬ್ಬಿಗೆ ಎದೆಯಿಲ್ಲವೇ? ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಎಡಗಾಲು ಮಡಚುವುದಿಲ್ಲ, ಬಲಗಾಲೊಂದರಲ್ಲೇ ಮೆಷಿನ್ ತುಳಿಯುತ್ತಾಳೆ. ಆ ಹೋಟೆಲಿನ ಪರದೆಗಳನ್ನು ಹೊಲಿದವಳೂ ಅವಳೇ, ಗೊತ್ತೇನು ನಿನಗೆ?

ಅದಕ್ಕೇ ನಾನು ಅಲ್ಲೇ ಮೇಜಿನ ಮೇಲಿದ್ದ ನಿನ್ನ ಚರಿತ್ರೆಯ ಪುಸ್ತಿಕೆಗಳನ್ನು ಎಳೆದುಕೊಂಡು, ನಿನ್ನ ಸಾಲು ಹೊಡೆದು, ನಡೆದದ್ದನ್ನು ಅಂಚಿನಲ್ಲಿ ಬರೆಯತೊಡಗಿದ್ದು. ಹನ್ನೊಂದು ಪುಸ್ತಿಕೆ ಮುಗಿಯುವಷ್ಟರಲ್ಲಿ ನೀನು ಪೆನ್ನು ಕಿತ್ತುಕೊಂಡು, ಮ್ಯಾನೇಜರ್ ಎದುರಿಗೇ "ಇವಳಿಗೆ ತಲೆ ಸರಿಯಿಲ್ಲ" ಅಂದೆ. ನಲವತ್ತೈದು ವರ್ಷದ ಸ್ನೇಹಕ್ಕೆ ಒಳ್ಳೇ ಮರ್ಯಾದೆ ಮಾಡಿದೆ, ಮಹಾತಾಯಿ!

ಆ ಸಾಲು ತಿದ್ದು. ತಿದ್ದುವವರೆಗೆ ನನ್ನ ಮನೆ ಬಾಗಿಲಿಗೆ ಬರಬೇಡ.

ಇನ್ನೂ ನಿನ್ನವಳೇ ಆದ
ಬಾಯಿಬಡುಕಿ

ತಾ.ಕ.: ಆ ಹನ್ನೊಂದರಲ್ಲೂ ನಾನೊಂದು ಮಾತು ಬಿಟ್ಟಿದ್ದೆ. ಅವತ್ತು ಒದ್ದೆಯಾದದ್ದು ನನ್ನ ಹಾಸಿಗೆ. ಗುಬ್ಬಿ ಮುಖ ತೊಳೆಯಲು ಹೋದಾಗ ನನ್ನ ಚಾದರವನ್ನು ಅವಳ ಮಂಚಕ್ಕೆ ಹಾಸಿದ್ದೆ. ನಿನ್ನೆ ಅಂಗಡಿಗೆ ಹೋಗಿ ಹೇಳಿಬಿಟ್ಟೆ. "ಗೊತ್ತಿತ್ತು. ಚಾದರದ ಮೂಲೇಲಿ ನಿನ್ನ ನಂಬರ್ ಹೊಲ್ದಿತ್ತಲ್ಲ. ಮೇಡಂ ನೋಡ್ಲಿಲ್ಲ, ನಾನು ನೋಡ್ದೆ" ಅಂದಳು. ಹೊಲಿಗೆಯಿಂದ ತಲೆ ಎತ್ತಲಿಲ್ಲ. ಕೂತ್ಕೋ ಅನ್ನಲೂ ಇಲ್ಲ.