ಚಿಯಾಳ ಹೊದಿಕೆ

ಗುಯಿಕಾನ್, ಜನವರಿ ೧೮, ಗುರುವಾರ

ಬಿಳಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಇವತ್ತೂ ತೆಗೆಯಲಿಲ್ಲ.

ಶಾಲೆಯ ಗೋಡೆಯ ಮೇಲೆ ಚಂದ್ರದೇವಿ ಚಿಯಾಳನ್ನು ಬರೆದವಳು ನಾನೇ, ಇಪ್ಪತ್ತೆರಡು ವರ್ಷದ ಹಿಂದೆ. ಹೆಗಲಿನಿಂದ ಪಾದದವರೆಗೆ ಬಿಳಿ ಹೊದಿಕೆ. ನಮ್ಮ ಬೆಟ್ಟದ ಹಿಮವೇ ಅದು. ಈಗ ಬಣ್ಣ ಉದುರಿದೆ, ಮೊದಲಿನ ಹಾಗೇ ಮಾಡಿಕೊಡಿ ಎಂದು ಹೆಡ್ ಮೇಡಂ ಕರೆಸಿದ್ದಾರೆ.

ಮಧ್ಯಾಹ್ನ ಎಲಿಯೆಸೆರ್ ಅಜ್ಜ ಕೋಲೂರಿಕೊಂಡು ಬಂದ. ಬೆಟ್ಟ ಹತ್ತುವವರಿಗೆ ದಾರಿ ತೋರಿಸುತ್ತಿದ್ದವನು. ಪ್ರತಿ ಜನವರಿ ಹಿಮದ ಅಂಚಿನ ಬಂಡೆಗೆ ಕೆಂಪು ಗೆರೆ ಎಳೆದು ಇಸವಿ ಬರೆದು ಬರುತ್ತಿದ್ದ.

"ಈ ಸಲ ಮಂಡಿ ಕೈಕೊಡ್ತು ಮಗಳೇ, ಹಿಮದ ಅಂಚನ್ನ ಕೆಳಗಿಂದ್ಲೇ ನೋಡ್ದೆ. ಗೆರೆ ಇಲ್ಲೇ ಹಾಕ್ಬಿಡು, ಹಳೇ ವರ್ಷದ್ದೂ ಸೇರಿಸಿ."

"ದೇವಿ ಮೈಮೇಲಾ?"

"ಕರಗ್ತಿರೋದು ಅವಳ ಹೊದಿಕೆ ತಾನೇ? ಬಂಡೆಗೇನಾಗಿದೆ."

ಅವನು ಕೋಲಿನಿಂದ ತೋರಿಸುತ್ತ ಹೋದ, ನಾನು ಕೆಂಪು ಗೆರೆ ಎಳೆದು ಇಸವಿ ಬರೆಯುತ್ತ ಹೋದೆ. ನಾನು ಚಿತ್ರ ಬರೆದ ವರ್ಷದ್ದು ಪಾದದ ಬಳಿ. ಅವನ ಹೆಂಡತಿ ತೀರಿಕೊಂಡ ವರ್ಷದ್ದು ಮಂಡಿಗೆ. ಆಮೇಲೆ ಸೊಂಟ, ಎದೆ. ಈ ವರ್ಷದ್ದಕ್ಕೆ ಏಣಿ ಹತ್ತಬೇಕಾಯಿತು. ಆ ಗೆರೆಯಿಂದ ಹೆಗಲಿನವರೆಗೆ ಒಂದು ಗೇಣು ಬಿಳಿ ಮಾತ್ರ ಉಳಿಯಿತು.

ಮೇಡಂ ಬಂದು ನೋಡಿದರು. "ಏನ್ರೀ ಇದು, ದೇವಿ ಮೈಯೆಲ್ಲ ಗಾಯ ಮಾಡಿಟ್ಟಿದ್ದೀರಿ."

"ಗಾಯ ಅಲ್ಲಮ್ಮ, ಇಸವಿ," ಎಂದ ಅಜ್ಜ.

ನಾಳೆ ಎಲ್ಲ ಮುಚ್ಚಿ ಬಿಳಿ ಬಳಿಯಬೇಕಂತೆ, ಶನಿವಾರ ಪ್ರವಾಸಿಗಳು ಬರುತ್ತಾರಂತೆ. ಬಳಿಯುತ್ತೇನೋ ಏನೋ. ಉಗುರಿನ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗುತ್ತಿಲ್ಲ.

ಏಣಿ ಇಳಿಯುವಾಗ ನಾನು ಕೇಳಬಾರದಿತ್ತು, ಮುಂದಿನ ವರ್ಷದ ಗೆರೆ ಎಲ್ಲಿ ಎಂದು. ಅಜ್ಜ ದೇವಿಯ ಮುಖವನ್ನೇ ನೋಡಿದ. ಕೋಲು ಮಾತ್ರ ಎತ್ತಲಿಲ್ಲ.