ಕೆಂಪು ಶಾಯಿಯಲ್ಲಿ ತಿದ್ದಿದ ಮುಚ್ಚಳಿಕೆ

ಆಹಾರ ಮೇಳದ ಮಾನ್ಯ ವಿಶೇಷಾಧಿಕಾರಿಗಳೇ,

ಮೂಡಲಗಿಯಲ್ಲಿ ನೀವು ನಡೆಸಿದ ರೊಟ್ಟಿ ಬಡಿಯುವ ಸ್ಪರ್ಧೆಯಲ್ಲಿ ನಿಮ್ಮ ಮೇಜಿನ ಕಾಲು ಮುರಿದು, ಕಾದ ಹಂಚು ಜಾರಿ, ನನ್ನ ಹೆಂಡತಿ ಜರೀನಾಬಿಯ ಬಲಗೈ ಸುಟ್ಟಿತು. ನಿಮ್ಮ ವರದಿಯಲ್ಲಿ ಮಾತ್ರ "ಸ್ಪರ್ಧಾಳುವಿನ ಅಜಾಗರೂಕತೆಯಿಂದ ಆದ ಗಾಯ" ಎಂದು ಬರೆದಿದೆ. ನನ್ನ ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ನಾನು ಕೌಜಲಗಿಯ ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಚಿಕ್ಕದಾಗಿ ಹೇಳುವ ಅಭ್ಯಾಸ ನಮ್ಮ ಪೈಕಿ ಯಾರಿಗೂ ಇಲ್ಲ. ಮೇಲಾಗಿ ಈ ಪ್ರಕರಣದಲ್ಲಿ ನಿಮ್ಮನ್ನು ಪಾರು ಮಾಡಿದ ಮಹಾನುಭಾವ ಯಾರೆಂದು ಈ ಬಹಿರಂಗ ಪತ್ರದ ಓದುಗರಿಗೂ ಗೊತ್ತಾಗಬೇಕು. ಆ ಮಹಾನುಭಾವ ನಾನೇ.

ಸ್ಪರ್ಧೆ ಶುರುವಾಗುವ ಮುಂಚೆ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಮುಚ್ಚಳಿಕೆ ಪತ್ರ ಹಂಚಿದಿರಿ. ಬೆಂಕಿ, ಗಾಳಿ, ಪೆಂಡಾಲು, ನೂಕುನುಗ್ಗಲು, "ದೈವಿಕ ಹಾಗೂ ಇತರೆ ಕಾರಣಗಳು" ಎಲ್ಲವೂ ಅದರಲ್ಲಿದ್ದವು. ಜೋಳದ ರೊಟ್ಟಿ ಬಡಿಯಲು ಇಷ್ಟೊಂದು ಗಂಡೆದೆ ಬೇಕೆಂದು ನಮಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಮದುವೆಯ ದಿನವೇ ನಾವು ಗಂಡಸರೂ ಇಂಥದ್ದೊಂದು ಬರೆಸಿಕೊಂಡು ನಿಶ್ಚಿಂತೆಯಿಂದ ಉಣ್ಣುತ್ತಿದ್ದೆವು. ಪತ್ರ ಹಂಚುತ್ತಿದ್ದ ನಿಮ್ಮ ಗುಮಾಸ್ತ ಶಿದ್ಲಿಂಗಪ್ಪನನ್ನು ಕೇಳಿದೆ:

"ಇದಕ್ಕ ಸಹಿ ಮಾಡಾಕ ಬೇಕೇನಪಾ?"

"ನಿಮ್ಮ ಖುಷಿರಿ ಸರ. ಸಹಿ ಇಲ್ಲಂದ್ರ ಒಲಿ ಇಲ್ಲ."

ಪತ್ರದ ಕೊನೆಯಲ್ಲಿ "ಸ್ವಖುಷಿಯಿಂದ ಬರೆದುಕೊಟ್ಟಿರುತ್ತೇನೆ" ಎಂದು ಅಚ್ಚಾಗಿತ್ತು. ಖುಷಿಯ ಅರ್ಥ ಇಷ್ಟು ಬದಲಾಗಿದೆ ಎಂದು ನಾನು ಮಕ್ಕಳಿಗೆ ಕಲಿಸಿರಲಿಲ್ಲ.

ಜರೀನಾಬಿ ಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದಳು. "ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ" ಎಂದಳು. ಓದಿದೆ. ಅವಳಿಗಾಗಿ ಅಲ್ಲ, ತಪ್ಪು ಹುಡುಕಲಿಕ್ಕೆ. ನನ್ನ ಪುಣ್ಯಕ್ಕೆ ಸಿಕ್ಕೇಬಿಟ್ಟಿತು! "ಯಾವುದೇ ಅವಘಡಕ್ಕೆ ಸಂಘಟಕರು ಹೊಣೆಗಾರರಾಗದೆ ಇರುವುದಿಲ್ಲ" ಎಂದಿತ್ತು. ಬರದೆ ಇರುವುದಿಲ್ಲ ಎಂದರೆ ಬಂದೇ ಬರುತ್ತೇನೆ ಎಂದರ್ಥ. ಎರಡು ಸಲ ಇಲ್ಲ ಎಂದರೆ ಹೌದು ಎಂದಂತೆ. ಅಂದರೆ ನಿಮ್ಮ ಕಚೇರಿ ತನಗೆ ತಿಳಿಯದೆ ಎಲ್ಲ ಅವಘಡಗಳ ಹೊಣೆಯನ್ನೂ ತಲೆಯ ಮೇಲೆ ಹೊತ್ತುಕೊಂಡಿತ್ತು. ಬುದ್ಧಿ ಇದ್ದವನಾದರೆ ಸುಮ್ಮನೆ ಸಹಿ ಹಾಕಿಸಿ ಜೇಬಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದ. ನಾನು ವಿದ್ಯಾವಂತ. ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, "ಹೊಣೆಗಾರರಾಗಿರುವುದಿಲ್ಲ" ಎಂದು ದುಂಡಗೆ ಬರೆದೆ. ಅಷ್ಟಕ್ಕೇ ಬಿಟ್ಟೆನೇ? ಶಿದ್ಲಿಂಗಪ್ಪನನ್ನು ಕರೆದು, ನಿಷೇಧದ ಮೇಲೆ ನಿಷೇಧ ಬಂದರೆ ಏನಾಗುತ್ತದೆಂದು ಪಾಠ ಹೇಳಿ, ಉಳಿದ ಪತ್ರಗಳನ್ನೂ ತಿದ್ದಿಸಿದೆ.

"ನೀವ್ ಇದ್ದದ್ದು ಛಲೋ ಆತ್ರಿ ಸರ" ಎಂದ. ನನ್ನ ಎದೆ ಉಬ್ಬಿತು. ಜರೀನಾಬಿ ಕೆಂಪು ಶಾಯಿ ನೋಡಿ, "ನೀವು ತಿದ್ದೀರಿ ಅಂದ್ರ ಬರೋಬ್ಬರಿ ಇರ್ತೈತಿ ಬಿಡ್ರಿ" ಎಂದು ಸಹಿ ಹಾಕಿದಳು.

ಮುಂದಿನದು ನಿಮಗೆ ಗೊತ್ತಿದೆ. ಅವಳು ರೊಟ್ಟಿ ತಿರುವಿ ಹಾಕಲು ಕೈ ಚಾಚಿದಾಗ ಮಡಚುವ ಮೇಜಿನ ಒಂದು ಕಾಲು ಕುಸಿಯಿತು. ಒಲೆ ವಾಲಿತು, ಹಂಚು ಅವಳ ಅಂಗೈಯ ಮೇಲೆಯೇ ಬಂತು. ನಾನು ಓಡುವಷ್ಟರಲ್ಲಿ ನಿಮ್ಮವರು ಮೈಕಿನಲ್ಲಿ "ಸ್ಪರ್ಧಾಳುಗಳು ಜಾಗರೂಕತೆಯಿಂದ ವರ್ತಿಸಬೇಕು" ಎಂದು ಗಂಭೀರವಾಗಿ ಹೇಳುತ್ತಿದ್ದರು. ಮೇಜಿಗೂ ಅದೇ ಬುದ್ಧಿವಾದ ಹೇಳಬಹುದಿತ್ತಲ್ಲವೇ? ನಮ್ಮಿಂದ ಸಹಿ ಹಾಕಿಸಿಕೊಂಡರೆ ಮೇಜಿನ ಕಾಲು ಗಟ್ಟಿಯಾಗುತ್ತದೆಯೇ? ಹಾಗಿದ್ದರೆ ಹೇಳಿ, ನಮ್ಮ ಮನೆಯ ಕಪಾಟೂ ಅಲುಗಾಡುತ್ತದೆ, ಅದರ ಮುಂದೆಯೂ ಒಂದು ಸಹಿ ಹಾಕುತ್ತೇನೆ.

ಗಾಯ ಮಾಗುತ್ತಿದೆ. ಈಗ ಮನೆಯಲ್ಲಿ ರೊಟ್ಟಿ ನಾನೇ ಬಡಿಯುತ್ತೇನೆ. ಬಡಿಯುತ್ತೇನೆ ಎಂಬ ಮಾತೂ ದೊಡ್ಡದಾಯಿತು. ಮೊದಲ ದಿನದ್ದು ಹಂಚಿಗೆ ಹೋಗುವ ಮುನ್ನವೇ ನಾಲ್ಕು ತುಂಡಾಯಿತು. ತುಂಡುಗಳನ್ನೇ ಬೇಯಿಸಿಕೊಟ್ಟೆ. ಜರೀನಾಬಿ ಅವನ್ನು ಹಾಲಿಗೆ ಹಾಕಿಕೊಂಡು ಉಂಡು, "ಮುರಿಯೂ ತ್ರಾಸು ತಪ್ಪಿಸಿದ್ರಿ" ಎಂದಳು. ಅವಳು ನಗುತ್ತಿದ್ದಾಳೆಂದು ನಾನು ನಿಶ್ಚಿಂತನಾಗಿದ್ದೆ. ಆಮೇಲೆ ಒಂದು ದಿನ ಹಿಟ್ಟಿನ ಗಿರಣಿಯಿಂದ ಮುಖ ಚಿಕ್ಕದು ಮಾಡಿಕೊಂಡು ಬಂದಳು. ಅಲ್ಲಿ ಸೀತವ್ವನ ಸೊಸೆ, ಇವಳ ಹತ್ತಿರವೇ ರೊಟ್ಟಿ ಬಡಿಯುವುದನ್ನು ಕಲಿತವಳು, ಸಲಿಗೆಯಿಂದ ಕೇಳಿದಳಂತೆ: "ಕಾಕು, ಹಂಚ ಹಿಡಿಯಾಕ ಮರ್ತೀರೇನ್ರಿ? ನಿಮ್ದ ತಪ್ಪು ಅಂತ ಕಾಗದದಾಗ ಬಂದೈತಂತಲ್ಲ." ಅಂದಿನಿಂದ ಗಿರಣಿಗೂ ನಾನೇ ಹೋಗುತ್ತೇನೆ. ನಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳು ಅವಳ ಮುಂದೆ ಕೂತು ರೊಟ್ಟಿ ಕಲಿತವರು. ಅವರೆದುರು ಹೋಗಲು ಅವಳಿಗೀಗ ನಾಚಿಕೆ. ಸುಟ್ಟ ಕೈಗಿಂತ ಇದು ನನಗೆ ಹೆಚ್ಚು ಉರಿಯುತ್ತಿದೆ.

ವರದಿ ಬದಲಿಸಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಶಿದ್ಲಿಂಗಪ್ಪ ಚಹಾ ತರಿಸಿ, ಮುಚ್ಚಳಿಕೆಯನ್ನು ನನ್ನ ಮುಂದಿಟ್ಟ. "ಸಿಟ್ಟಾಗಬ್ಯಾಡ್ರಿ ಸರ. ಮೊದಲಿನ ಬರಹ ಇದ್ದಿದ್ರ ಖರೆನ ನಾವು ಸಿಕ್ಕೊಂತಿದ್ವಿ. ನೀವ ತಿದ್ದಿ ಉಳಿಸಿದ್ರಿ. ಸಾಹೇಬ್ರು ನಿಮ್ಮ ಅಕ್ಷರ ಭಾಳ ಹೊಗಳಿದ್ರು." ಹುಡುಗ ಕುಹಕವಾಡಲಿಲ್ಲ, ಮನಸಾರೆ ಹೇಳಿದ. ಇಷ್ಟು ವರ್ಷದ ಸೇವೆಯಲ್ಲಿ ಯಾವ ಅಧಿಕಾರಿಯೂ ನನ್ನ ಅಕ್ಷರ ಹೊಗಳಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಈಗ ಹುಕ್ಕೇರಿಯಲ್ಲಿ ನಿಮ್ಮ ಮುಂದಿನ ಮೇಳ ಎಂದು ಕೇಳಿದೆ. ಮುಚ್ಚಳಿಕೆ ಬೇಕಿದ್ದರೆ ಬರೆಸಿಕೊಳ್ಳಿ. ಆದರೆ ಒಲೆ ಹಚ್ಚುವ ಮುಂಚೆ ನಿಮ್ಮವರೊಬ್ಬರು ಪ್ರತಿ ಮೇಜಿನ ಮೇಲೂ ಮೈಭಾರ ಹಾಕಿ ನೋಡಿ, "ಗಟ್ಟಿ ಇದೆ" ಎಂದು ತಾವೂ ಸಹಿ ಹಾಕಲಿ. ಇನ್ನು ನಿಮ್ಮ ಹಳೆಯ ವರದಿಯ ಮಾತು. ಭರಪಾಯಿ, ಅಂದರೆ ಪರಿಹಾರದ ಹಣ, ಕೇಳೋಣವೇ ಎಂದು ನಿನ್ನೆ ಜರೀನಾಬಿಯನ್ನೇ ಕೇಳಿದೆ. ಅವಳೆಂದಳು: "ಏನೂ ಬ್ಯಾಡ್ರಿ. ಟೇಬಲ್ ಮುರೀತು ಅಂತ ಅದ ಮೈಕಿನಾಗ ಒಮ್ಮಿ ಹೇಳ್ಲಿ. ಕೈ ನಾ ನೋಡ್ಕೋತೀನಿ."

ಅದೊಂದು ಮಾತನ್ನು ಹುಕ್ಕೇರಿಯ ಮೇಳದಲ್ಲಿ ನೀವೇ ನಿಂತು ಹೇಳಬೇಕು. ಅವಳನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಇಂತಿ,
ಸದ್ಯಕ್ಕೆ ಈ ಅವಘಡದ ಏಕೈಕ ಹೊಣೆಗಾರ,
ಮೈನೋದ್ದೀನ ಮಾಸ್ತರ, ಮೂಡಲಗಿ